ಕೊಸರಿಗೆ ಬಂದ ಚೀಲ

ನಮ್ಮ ಕಂಬಳಿ ಅಂಗಡಿಯಲ್ಲಿ ಗಲ್ಲಾದ ಹಿಂದೆ, ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಕಪ್ಪು ಚೀಲ ನೇತುಹಾಕಿದ್ದೇನೆ. ಲ್ಯಾಪ್‌ಟಾಪ್ ಇಡುವ ಚೀಲ. ಒಳಗೆ ಲ್ಯಾಪ್‌ಟಾಪ್ ಇಲ್ಲ. ಮೂರು ಜಿಪ್ಪು, ಮೆತ್ತನೆಯ ಸ್ಪಂಜು, ಹೆಗಲಿಗೆ ಅಗಲವಾದ ಪಟ್ಟಿ, ಮೂಗಿಗೆ ಹಿಡಿದರೆ ಇವತ್ತಿಗೂ ಹೊಸದರ ವಾಸನೆ. ಚಳ್ಳಕೆರೆಯ ಈ ಅಂಗಡಿಗೆ ಬಂದವರು ಕಂಬಳಿ ನೋಡುತ್ತ ನೋಡುತ್ತ ಅದರ ಕಡೆ ಕಣ್ಣು ಹಾಯಿಸಿ, "ಅದು ಮಾರಾಕಾ?" ಅನ್ನುತ್ತಾರೆ. ಅಲ್ಲ ಅನ್ನುತ್ತೇನೆ. "ಮತ್ಯಾಕೆ ನೇತಾಕೀರಿ?" ಅನ್ನುತ್ತಾರೆ. ಅದಕ್ಕೆ ಉತ್ತರ ಹೇಳಬೇಕೆಂದರೆ ಗಿರಾಕಿ ಕೂರಬೇಕು, ನಾನು ವ್ಯಾಪಾರ ಬಿಡಬೇಕು. ನೀವು ಹೇಗೂ ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ಆ ಚೀಲ ದುಡ್ಡು ಕೊಟ್ಟು ತಂದದ್ದಲ್ಲ, ಕೊಸರಿಗೆ ಬಂದದ್ದು.

ಕೊಸರಿನ ವಿದ್ಯೆಯನ್ನು ನನಗೆ ಕಲಿಸಿದವಳು ನಮ್ಮವ್ವ. ಮೊಳಕಾಲ್ಮೂರಿನ ಸಂತೆಯಲ್ಲಿ ಅವಳು ದರಕ್ಕಾಗಿ ಹೆಚ್ಚು ಜಗ್ಗಾಡುತ್ತಿರಲಿಲ್ಲ. ತೂಕ ಮುಗಿದು, ತಕ್ಕಡಿ ಕೆಳಗಿಳಿದು, ಎಲ್ಲರೂ ವ್ಯಾಪಾರ ಆಯಿತು ಅಂದುಕೊಂಡ ಮೇಲೆ ಅವಳ ವ್ಯಾಪಾರ ಶುರುವಾಗುತ್ತಿತ್ತು. ಸೆರಗು ಒಡ್ಡಿ ಸುಮ್ಮನೆ ನಿಲ್ಲುವಳು. ಅಂಗಡಿಯವನು ಎರಡು ಬದನೆಕಾಯಿ ಮೇಲೆ ಹಾಕುವನು. ಸೆರಗು ಹಾಗೇ ಇರುವುದು. "ಇನ್ನೇನವ್ವಾ?" ಅಂದರೆ "ಕರಿಬೇವು" ಅನ್ನುವಳು. "ನಾನು ಕರಿಬೇವು ಮಾರಲ್ಲವ್ವಾ" ಅಂದರೆ "ಪಕ್ಕದವನು ಮಾರ್ತಾನಲ್ಲ, ಈಸ್ಕೊಡು" ಅನ್ನುವಳು. ಅವನು ನಗುತ್ತ ಪಕ್ಕದವನ ಬುಟ್ಟಿಗೆ ಕೈ ಹಾಕುವನು. ನಾನು ನಾಚಿಕೆಯಿಂದ ಅವಳ ಹಿಂದೆ ಅವಿತುಕೊಳ್ಳುತ್ತಿದ್ದೆ. ಮನೆಗೆ ಹೋಗುವಾಗ ಅವ್ವ ಹೇಳುವಳು, "ದರ ಇಳಿಸಿದ್ರೆ ಅವ್ನ ಹೊಟ್ಟೆ ಉರೀತೈತೆ, ಕೊಸರು ಕೇಳಿದ್ರೆ ನಗ್ತಾನೆ. ನಗಿಸಿ ಈಸ್ಕೋಬೇಕು ಕಣಪ್ಪ."

ಹಾಗೆ ನಾಚಿಕೊಂಡವನು ಮುಂದೆ ಬದುಕು ಕಟ್ಟಿದ್ದೇ ಅದರಿಂದ. ಹೆಗಲ ಮೇಲೆ ನಾಲ್ಕು ಕಂಬಳಿ ಹೊತ್ತು ಊರೂರು ತಿರುಗಿದವನು ಇವತ್ತು ಚಳ್ಳಕೆರೆಯಲ್ಲಿ ಶಟರ್ ಎಳೆಯುವ ಅಂಗಡಿ ಇಟ್ಟಿದ್ದೇನೆ. ಚಟ ಮಾತ್ರ ಎಲ್ಲಿಗೆ ಹೋದರೂ ಜೊತೆಗೇ ಬಂತು. ಡಾಕ್ಟರು ಸೂಜಿ ಚುಚ್ಚಿದರೆ ಎರಡು ಮಾತ್ರೆ ಕೊಸರು ಕೇಳುತ್ತೇನೆ. ನನ್ನ ಮದುವೆಯಲ್ಲಿ ಫೋಟೋದವನನ್ನು ಕಾಡಿ ಒಂದು ಫೋಟೋ ಕೊಸರಿಗೆ ತೆಗೆಸಿಕೊಂಡೆ. ಆಲ್ಬಮ್ಮಿನ ಕೊನೆಯಲ್ಲಿ ಅದಿದೆ. ಹೆಂಡತಿ ಲಕ್ಷಣವಾಗಿ ನಿಂತಿದ್ದಾಳೆ, ನಾನು ಸೀನುತ್ತಿದ್ದೇನೆ.

ಇಂಥವನನ್ನು ಊರಿನವರು ಸುಮ್ಮನೆ ಬಿಡುತ್ತಾರೆಯೇ. ಮೋಟರು, ಟಿವಿ, ಸ್ಕೂಟರು, ಯಾರು ಏನು ಕೊಳ್ಳಬೇಕಾದರೂ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಆ ವಸ್ತುಗಳ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಗೊತ್ತಿರುವುದು ಎತ್ತಿ ನೋಡುವುದು, ಮುಖ ಸಿಂಡರಿಸಿ ಕೆಳಗಿಡುವುದು, ಬಾಗಿಲ ಕಡೆ ಎರಡು ಹೆಜ್ಜೆ ಹಾಕುವುದು. ಇನ್ನೊಂದು ಸೂತ್ರವನ್ನೂ ನಾನೇ ಕಂಡುಕೊಂಡಿದ್ದೆ: ಅಂಗಡಿಯವನು ಯಾವುದನ್ನು ಬೇಡ ಅನ್ನುತ್ತಾನೋ ಅದರಲ್ಲೇ ನಮ್ಮ ಲಾಭ ಇರುತ್ತದೆ. ಇದನ್ನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಯಾರಾದರೂ ಇನ್ನೂ ಪಾಲಿಸುತ್ತಿದ್ದರೆ ಇವತ್ತೇ ಬಿಟ್ಟುಬಿಡಿ.

ಈಗ ಓಬಳೇಶನ ವಿಷಯಕ್ಕೆ ಬರುತ್ತೇನೆ. ಬೇಕೆಂದೇ ಇಷ್ಟು ಸುತ್ತಿ ಬಂದೆ.

ಓಬಳೇಶ ಮೊಳಕಾಲ್ಮೂರಿನಲ್ಲಿ ನಮ್ಮ ಓಣಿಯವನು, ನನ್ನ ವಾರಿಗೆಯವನು. ರೇಷ್ಮೆ ಸೀರೆಯ ಅಂಚು, ಸೆರಗಿಗೆ ಡಿಸೈನು ಬರೆಯುವುದು ಅವನ ಕೆಲಸವಾಗಿತ್ತು. ಚೌಕಳಿ ಕಾಗದದ ಮೇಲೆ ಒಂದೊಂದು ಮನೆ ಒಂದೊಂದು ಎಳೆ. ಯಾವ ಮನೆ ತುಂಬಬೇಕು, ಯಾವುದು ಬಿಡಬೇಕು ಎಂದು ಅವನು ಬರೆದದ್ದರ ಮೇಲೆ ಮಗ್ಗ ಎಳೆ ಎತ್ತುತ್ತದೆ. ಒಂದು ಮನೆ ತಪ್ಪಿದರೆ ನವಿಲಿನ ಕತ್ತು ಕೊಂಕುತ್ತದೆ. ಮಾತೆಲ್ಲ ಕನ್ನಡದಲ್ಲಿ ಆಡಿದರೂ ಎಳೆ ಎಣಿಸುವುದು ಮಾತ್ರ ಅವನಿಗೆ ತೆಲುಗಿನಲ್ಲೇ ಆಗಬೇಕು. ಒಕಟಿ, ರೆಂಡು, ಮೂಡು ಎಂದು ತುಟಿ ಅಲ್ಲಾಡುತ್ತಿದ್ದರೆ ಪಕ್ಕದಲ್ಲಿ ಮನೆ ಬಿದ್ದರೂ ತಲೆ ಎತ್ತುವವನಲ್ಲ.

ಶಾಲೆಯಲ್ಲೂ ಹಾಗೆಯೇ. ಲೆಕ್ಕದ ಚೌಕಳಿ ಪುಸ್ತಕದಲ್ಲಿ ಲೆಕ್ಕ ಬಿಟ್ಟು ನವಿಲು ತುಂಬಿಸುತ್ತಿದ್ದ. ಮೇಷ್ಟ್ರು ಹೊಡೆಯುತ್ತಿದ್ದರು. ನಾನು ಆ ಹಾಳೆಗಳನ್ನು ಹುಡುಗಿಯರಿಗೆ ಹುಣಸೆಹಣ್ಣಿಗೆ ಮಾರುತ್ತಿದ್ದೆ. ಒಂದು ನವಿಲಿಗೆ ಒಂದು ಉಂಡೆ. ಎರಡು ನವಿಲು ತಗೊಂಡರೆ ಒಂದು ಮಾವಿನಕಾಯಿ ಅಂಚು ಕೊಸರು, ಅದನ್ನು ಅವನು ಕೂತು ಬರೆದುಕೊಡಬೇಕು. ಹುಣಸೆಹಣ್ಣಿನಲ್ಲಿ ಅವನಿಗೆ ಅರ್ಧ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ನನ್ನ ಮೊದಲ ವ್ಯಾಪಾರ ಅದು.

ಒಂದು ದಿನ ಓಬಳೇಶ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದು ಕಂಬಳಿ ರಾಶಿಯ ಮೇಲೆ ಕೂತ. ಅವನ ಡಿಸೈನುಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದ ದಾವಣಗೆರೆ ಕಡೆಯ ಸೀರೆ ವ್ಯಾಪಾರಿ ಇನ್ನು ಕಾಗದ ಬೇಡ ಅಂದಿದ್ದನಂತೆ. ಡಿಸೈನು ಕಂಪ್ಯೂಟರಿನಲ್ಲಿರಬೇಕು; ಸೀರೆ ಉಟ್ಟಂತೆ ಪರದೆಯ ಮೇಲೆ ಕಾಣಬೇಕು; ಅಂಚು ಹಸಿರು ಮಾಡು ಅಂದರೆ ಅಲ್ಲೇ ಹಸಿರಾಗಬೇಕು. ಮೂರು ತಿಂಗಳು ಬಿಟ್ಟು ಬಂದು ನೋಡುತ್ತೇನೆ, ಒಪ್ಪಿಗೆಯಾದರೆ ಮದುವೆ ಕಾಲದ ಡಿಸೈನೆಲ್ಲ ನಿನ್ನದೇ, ಆಗದಿದ್ದರೆ ಬೇರೆಯವರನ್ನು ನೋಡಿಕೊಂಡಿದ್ದೇನೆ ಎಂದು ಹೇಳಿ ಹೋಗಿದ್ದ. ಓಬಳೇಶ ಐವತ್ತು ದಾಟಿದ ವಯಸ್ಸಿನಲ್ಲಿ ನೇಕಾರರ ಸೊಸೈಟಿಯ ತರಬೇತಿಗೆ ಹೋಗಿ, ಮೌಸ್ ಹಿಡಿದು, ಆ ಕೆಲಸವನ್ನು ಕಲಿತೂ ಬಿಟ್ಟಿದ್ದ.

"ಅದೂ ಚೌಕಳಿನೇ ಕಣೋ. ಪೆನ್ಸಿಲ್ ಬದ್ಲು ಇಲಿ ಐತೆ, ಅಷ್ಟೆ," ಅಂದ. "ಒಂದು ಲ್ಯಾಪ್‌ಟಾಪ್ ಕೊಡ್ಸು. ಇದು ಹೋದ್ರೆ ನಂಗೆ ಬೇರೆ ಕೆಲಸ ಬರಲ್ಲ."

ನಾನು ಒಂದು ವಾರ ಫೋನಿನಲ್ಲಿ ವಿಡಿಯೋ ನೋಡಿದೆ. ಸುಮ್ಮನೆ ಅಲ್ಲ, ಪುಸ್ತಕದಲ್ಲಿ ಗುರುತು ಹಾಕಿಕೊಂಡು. ನೀವೂ ಒಂದಲ್ಲ ಒಂದು ದಿನ ಲ್ಯಾಪ್‌ಟಾಪ್ ಕೊಳ್ಳುವವರೇ, ಕೇಳಿಸಿಕೊಳ್ಳಿ. ಯಂತ್ರದ ಮಿದುಳಿಗೆ ಪ್ರೊಸೆಸರ್ ಅನ್ನುತ್ತಾರೆ. ನಮ್ಮ ಬೆಲೆಗೆ ಎದುರುಬದುರು ನಿಂತಿದ್ದ ಕಂಪನಿಗಳು ಎರಡು. ಹೆಸರು ಬೇಡ, ಅಂಟಿಸಿದ ಚೀಟಿಯ ಬಣ್ಣದ ಮೇಲೆ ನೀಲಿ ಮತ್ತು ಕೆಂಪು ಅಂದುಕೊಳ್ಳೋಣ. ಇಬ್ಬರ ಚೀಟಿಯ ಮೇಲೂ ಐದು, ಏಳು ಎಂದು ದೊಡ್ಡದಾಗಿ ಬರೆದಿರುತ್ತದೆ. ಏಳು ಐದಕ್ಕಿಂತ ದೊಡ್ಡದು ಎಂದು ಮರುಳಾಗಬೇಡಿ. ಪಕ್ಕದಲ್ಲಿ ಸಣ್ಣಕ್ಷರದ ಅಂಕಿ ಇರುತ್ತದೆ, ಅದು ಎಷ್ಟು ಹೊಸದು ಎಂದು ಹೇಳುತ್ತದೆ. ಎಷ್ಟೋ ಸಲ ಹಳೇ ಏಳಕ್ಕಿಂತ ಹೊಸ ಐದು ವಾಸಿ. ಕೊನೆಯಲ್ಲಿ ಒಂದು ಅಕ್ಷರ ಇದ್ದರೆ ಅದನ್ನೂ ಕೇಳಿ ತಿಳಿದುಕೊಳ್ಳಿ. ಒಂದು ಅಕ್ಷರದ್ದು ಹೆಚ್ಚು ಕರೆಂಟು ತಿಂದು ಜೋರಾಗಿ ದುಡಿಯುತ್ತದೆ, ಇನ್ನೊಂದರದ್ದು ಮಿತಾಹಾರಿ.

ಆಮೇಲೆ ಚಿತ್ರದ ಮಾತು. ಲೆಕ್ಕ ಮಾಡುವವನು ಒಬ್ಬ, ಪರದೆಯ ಮೇಲೆ ಚಿತ್ರ ಬರೆಯುವವನು ಇನ್ನೊಬ್ಬ. ದುಬಾರಿ ಲ್ಯಾಪ್‌ಟಾಪಿನಲ್ಲಿ ಚಿತ್ರದವನಿಗೆ ಬೇರೆ ಮನೆಯನ್ನೇ ಕಟ್ಟಿಕೊಟ್ಟಿರುತ್ತಾರೆ. ನಮ್ಮ ಬೆಲೆಯದ್ದರಲ್ಲಿ ಅವನು ಪ್ರೊಸೆಸರಿನ ಒಳಗೇ ಒಂದು ಕೋಣೆಯಲ್ಲಿರುತ್ತಾನೆ. ಓಬಳೇಶನಿಗೆ ಬೇಕಿದ್ದುದು ಸೀರೆ ಉಡಿಸಿ ತಿರುಗಿಸುವ ಕೆಲಸ, ಎಂದರೆ ಈ ಕೋಣೆಯವನ ಕೆಲಸ. ಲ್ಯಾಪ್‌ಟಾಪ್ ಅಂಗಡಿಗೆ ಹೋದಾಗ ಓಬಳೇಶನ ಒಂದು ನವಿಲಿನ ಅಂಚನ್ನು ಪೆನ್‌ಡ್ರೈವಿನಲ್ಲಿ ಒಯ್ದು ಎರಡರಲ್ಲೂ ಹಾಕಿಸಿ ನೋಡಿದೆ. ನೀಲಿ ಬೇಗ ಎದ್ದಿತು, ಬ್ಯಾಟರಿಯೂ ಚೆನ್ನಾಗಿತ್ತು. ಆದರೆ ಸೀರೆ ತಿರುಗಿಸುವಾಗ ಸ್ವಲ್ಪ ಎಡವಿತು. ಕೆಂಪಿನಲ್ಲಿ ಸೀರೆ ನೀರಿನಂತೆ ತಿರುಗಿತು. ನೆರಿಗೆಯ ಒಳಗೆ ಅಡಗಿದ ನವಿಲು ತಿರುವಿನಲ್ಲಿ ಒಂದೊಂದಾಗಿ ಹೊರಬಂತು. ಓಬಳೇಶ ಕೈಕಟ್ಟಿ ನಿಂತವನು, "ಲೇ, ನಡೀತಾ ಐತೆ ನೋಡೋ ಅದು," ಅಂದ.

ಎರಡನ್ನೂ ತೂಗಿ ನೋಡಿ ಸರಿಯಾದದ್ದನ್ನೇ, ಕೆಂಪನ್ನೇ, ಆರಿಸಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಹೇಳಿಕೊಳ್ಳಲು ನನಗೆ ಉಳಿದಿರುವುದು ಇದೊಂದೇ.

ದರ ಇಳಿಸಿದೆ. ಬಾಗಿಲ ತನಕ ಎರಡು ಸಲ ಹೋಗಿ ಬಂದೆ. ಎಲ್ಲ ಮುಗಿದ ಮೇಲೆ ಅವ್ವನ ಸೆರಗಿನ ಹಾಗೆ ನಿಂತುಕೊಂಡೆ. ಗಾಜಿನ ಬೀರುವಿನಲ್ಲಿ ಈ ಚೀಲ ಕಾಣುತ್ತಿತ್ತು.

"ಅದನ್ನ ಕೊಸರಿಗೆ ಹಾಕ್ರಿ."

"ಅಣ್ಣಾ, ಈ ರೇಟಿಗೆ ಆಗಲ್ಲ. ನಂಗೇನೂ ಉಳ್ಯಲ್ಲ," ಅಂದ ಅಂಗಡಿಯ ಮಾಲೀಕ. ಕನ್ನಡಕದ ಸಾಧು ಮನುಷ್ಯ.

"ಇದ್ರಲ್ಲಿ ಮೆಮೊರಿ ಪಟ್ಟಿ ಎರಡು ಅವೆ ಅಂದ್ರಲ್ಲ?"

"ಹೂಂ, ಎಂಟೆಂಟು ಜೀಬಿದು ಎರಡು."

"ಎರಡ್ಯಾಕ್ರಿ ಇವ್ನಿಗೆ? ಇವ್ನೇನು ಗೇಮ್ ಆಡ್ತಾನಾ? ಒಂದು ಬಿಚ್ಚಿ ನೀವೇ ಇಟ್ಕಳ್ರಿ. ಬ್ಯಾಗು, ಮೌಸು ಕೊಡ್ರಿ."

ಮಾಲೀಕ ಕನ್ನಡಕ ತೆಗೆದು ಒರೆಸಿದ. "ಅದು ಇರ್ಲಿ ಬಿಡ್ರಣ್ಣ. ಎರಡಿದ್ರೆ ಚೆಂದ ಓಡತೈತೆ."

ನೋಡಿ, ಅಲ್ಲಿ ನನ್ನ ಸೂತ್ರ ಎದ್ದು ಕೂತಿತು. ಬೇಡ ಅನ್ನುತ್ತಿದ್ದಾನೆ ಅಂದಮೇಲೆ ಇದರಲ್ಲೇನೋ ಇದೆ. ಓಬಳೇಶ ನನ್ನ ತೋಳು ಜಗ್ಗಿ, "ಬ್ಯಾಗು ಬ್ಯಾಡ ಬಿಡಲೇ, ಮನ್ಯಾಗೆ ಚೀಲ ಐತೆ," ಅಂದ. "ನೀನು ಸುಮ್ನಿರು, ನಿಂಗೆ ವ್ಯಾಪಾರ ತಿಳಿಯಲ್ಲ," ಅಂದೆ. ಮಾಲೀಕ ಇನ್ನೊಂದು ಸಲ ನನ್ನ ಮುಖ ನೋಡಿ, ಕೆಳಗಿನ ಮುಚ್ಚಳ ಬಿಚ್ಚಿ, ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಕಿತ್ತು ಡ್ರಾಯರಿಗೆ ಹಾಕಿದ. ಬಿಚ್ಚಿದ ಮೇಲೆ ಸೀರೆಯನ್ನು ಮತ್ತೆ ತಿರುಗಿಸಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಚೀಲವನ್ನು ಓಬಳೇಶನ ಹೆಗಲಿಗೆ ನಾನೇ ಹಾಕಿದೆ. ಬಸ್‌ ಸ್ಟ್ಯಾಂಡಿನ ತನಕ ಅದರ ಜಿಪ್ಪುಗಳನ್ನು ಹೊಗಳುತ್ತ ನಡೆದೆ.

ವ್ಯಾಪಾರಿ ಬರುವ ದಿನ ಬೆಳಿಗ್ಗೆಯೇ ಮೊಳಕಾಲ್ಮೂರಿಗೆ ಹೋದೆ. ಕೆಲಸವೇನೂ ಇರಲಿಲ್ಲ. ನಾನು ಕೊಡಿಸಿದ ಯಂತ್ರ ಓಡುವುದನ್ನು ನೋಡುವ ಆಸೆ. ಓಬಳೇಶ ಇಸ್ತ್ರಿ ಅಂಗಿ ಹಾಕಿದ್ದ. ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕ, ಚೌಕಳಿ ಕಾಗದದ ಮೇಲೆ ಮಾಡಬೇಕಾದ್ದನ್ನೆಲ್ಲ ದುಂಡಗೆ ಬರೆದಿಟ್ಟುಕೊಂಡಿದ್ದ. ಮೊದಲು ಇದು ಒತ್ತುವುದು, ಆಮೇಲೆ ಇದು. ಕೊನೆಯ ಸಾಲು: ಸಿಕ್ಕಿಕೊಂಡರೆ ಸುಮ್ಮನೆ ಕಾಯುವುದು.

"ಸಿಕ್ಕಾಕ್ಕಂತೈತಾ?" ಅಂದೆ.

"ಆಗಾಗ. ಸೊಸೈಟೀಲಿ ಹಿಂಗಾಗ್ತಿರಲಿಲ್ಲ. ಅಲ್ಲಿ ಪಕ್ಕದಾಗೆ ಮೇಷ್ಟ್ರು ಕೂತಿರ್ತಿದ್ರಲ್ಲ. ನಾನೇ ಏನೋ ತಪ್ಪು ಒತ್ತುತೀನಿ."

ವ್ಯಾಪಾರಿ ಬಂದ, ಕುರ್ಚಿ ಎಳೆದು ಕೂತ. ಮೊದಲನೆಯ ಸೀರೆ ಬಂತು. ತಡವಾಗಿ ಬಂತು, ಆದರೂ ಬಂತು. "ಅಂಚು ಹಸಿರು ಮಾಡ್ರಿ," ಅಂದ. ಓಬಳೇಶ ಒತ್ತಿದ. ಪರದೆಯ ಮಧ್ಯೆ ಒಂದು ಸಣ್ಣ ಬಳೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಕಾಯಬೇಕೆಂದು ಬರೆದುಕೊಂಡವನಿಗೆ, ಎದುರಿಗೆ ದೊಡ್ಡ ಮನುಷ್ಯ ಕೂತಿರುವಾಗ, ಕಾಯಲು ಆಗಲಿಲ್ಲ. ಮತ್ತೆ ಒತ್ತಿದ, ಇನ್ನೊಂದು ಸಲ ಒತ್ತಿದ. ಒಮ್ಮೆಲೇ ಅಂಚು ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗಿ ನಿಂತಿತು. ನಡುವೆ ವ್ಯಾಪಾರಿ ಫೋನು ತೆಗೆದು ನೋಡಿಕೊಂಡ. ಎರಡನೆಯ ಸೀರೆ ಅರ್ಧ ತಿರುಗಿ, ಬೆನ್ನು ತೋರಿಸಿ ನಿಂತುಬಿಟ್ಟಿತು. ಮೂರನೆಯದಕ್ಕೆ ಪರದೆ ಪೂರಾ ಬೆಳ್ಳಗಾಯಿತು. ಓಬಳೇಶನ ಬೆರಳು ಮೌಸಿನ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು: ಒಕಟಿ, ರೆಂಡು, ಮೂಡು.

ಕೊನೆಗೆ ಅವನು ಒಳಗೆ ಹೋಗಿ ಕಾಗದದ ಸುರುಳಿ ತಂದು ಬಿಚ್ಚಿದ. ವ್ಯಾಪಾರಿ ಕೆಟ್ಟವನಲ್ಲ. ಒಂದೊಂದನ್ನೂ ನೋಡಿದ. "ಕೈ ಬಾಳ ಚೆನ್ನಾಗೈತ್ರಿ. ಆದ್ರೆ ಅಲ್ಲಿ ಗಿರಾಕಿ ಕೂತು ಬಣ್ಣ ಕೇಳ್ತಿರ್ತಾರೆ. ನಾನು ಕಾಗದ ಬಿಚ್ಚಕಂಡು ಕೂತ್ರೆ ಎದ್ದು ಹೋಗ್ತಾರೆ," ಅಂದು ಎದ್ದ. ಕೊಟ್ಟ ಕಾಫಿಯನ್ನು ನಿಂತೇ ಕುಡಿದು ಹೋದ.

ಆಗ ನಾನು ಸುಮ್ಮನಿರಬಹುದಿತ್ತು. ಸಲಹೆ ಕೊಡುವ ಬಾಯಿ ಸುಮ್ಮನಿರುತ್ತದೆಯೇ. "ಎಷ್ಟು ಸಲ ಒತ್ತುತೀಯಲೇ? ಒಂದೇ ಸಲ ಒತ್ತಿ ಕೈ ಕಟ್ಟಿ ಕೂತ್ರೆ ಆಗ್ತಿರಲಿಲ್ವಾ? ಅಂಗ್ಡೀಲಿ ನೋಡಲಿಲ್ವಾ, ನೀರು ಹರಿದಂಗೆ ತಿರುಗ್ತು. ಯಂತ್ರದಾಗೆ ಏನೂ ಇಲ್ಲ. ನಿನ್ ಕೈ ಅವಸರದ್ದು," ಅಂದೆ.

ಜೀವಮಾನವೆಲ್ಲ ಎಳೆ ಎಣಿಸಿ ಮನೆ ತುಂಬಿದವನಿಗೆ, ಕೈ ಅವಸರದ್ದು ಎಂದು ಹೇಳಿದೆ. ಅವನು ತಲೆ ಆಡಿಸಿದ. "ಹೂಂ ಕಣೋ. ನೀನು ಅಷ್ಟು ಕಷ್ಟಪಟ್ಟು ಕೊಡ್ಸಿದೆ. ನಂದೇ ಕೈಲಾಗ್ಲಿಲ್ಲ."

ಅದಾದ ಮೇಲೆ ಅವನು ಡಿಸೈನು ಬರೆಯಲಿಲ್ಲ. ಬೇರೆ ವ್ಯಾಪಾರಿಗಳೂ ಅದನ್ನೇ ಕೇಳುತ್ತಾರೆ, ನಂಗೆ ಆ ಯಂತ್ರ ಒಲಿಯಲ್ಲ ಅಂದ. ಈಗ ಒಂದು ಕಲ್ಯಾಣಮಂಟಪದ ಬಾಗಿಲಲ್ಲಿ, ಮದುವೆಗೆ ಬಂದವರ ಚಪ್ಪಲಿಗೆ ಟೋಕನ್ ಕೊಡುತ್ತಾನೆ. ಚಿಕ್ಕ ಸ್ಟೂಲಿನ ಮೇಲೆ ಕೂರುತ್ತಾನಾದ್ದರಿಂದ ಒಳಗೆ ಹೋಗುವ ಹೆಂಗಸರ ಸೀರೆಯ ಅಂಚುಗಳೆಲ್ಲ ಅವನ ಕಣ್ಣಿನ ಮಟ್ಟದಲ್ಲೇ ಹಾದು ಹೋಗುತ್ತವೆ. ಅದರಲ್ಲಿ ಅವನು ಬರೆದವೂ ಇರುತ್ತವೆ.

ಕೆಲವು ತಿಂಗಳ ಮೇಲೆ ಅವನೇ ಫೋನು ಮಾಡಿದ. "ಅದನ್ನ ಮಾರ್ಕೊಡೋ. ನಿನ್ ಕೈಲಾದ್ರೆ ನಾಕು ಕಾಸು ಜಾಸ್ತಿ ಬರತೈತೆ," ಅಂದ. ಚೀಲದ ಸಮೇತ ಬಸ್ಸಿನಲ್ಲಿ ಕಳಿಸಿದ.

ನಾನು ಅದನ್ನು ಹಳೆಯ ಲ್ಯಾಪ್‌ಟಾಪ್ ಕೊಂಡು ರಿಪೇರಿ ಮಾಡಿ ಮಾರುವ ಬಾಷಾ ಅವರ ಹತ್ತಿರ ಒಯ್ದೆ. ಅವರೂ ನನ್ನ ಹಾಗೆಯೇ ವ್ಯಾಪಾರದ ಮನುಷ್ಯ. ಎತ್ತಿ ನೋಡಿದರು, ಮುಖ ಸಿಂಡರಿಸಿದರು, ಕೆಳಗಿಟ್ಟರು. ನನಗೆ ಒಳಗೊಳಗೇ ಖುಷಿಯಾಯಿತು, ಸರಿಯಾದ ಎದುರಾಳಿ ಸಿಕ್ಕ ಎಂದು. ಆಮೇಲೆ ಮುಚ್ಚಳ ಬಿಚ್ಚಿದರು.

"ಇಲ್ಲಿ ಒಂದು ಖಾಲಿ ಐತಲ್ಲ ಭಾಯ್. ಯಾರು ತೆಗೆದಿದ್ದು?"

"ಎಂಟು ಇದ್ರೆ ಸಾಕು ಅಂತ..."

"ಎಂಟು, ಹದಿನಾರು ಮಾತಲ್ಲ ಭಾಯ್. ಇದ್ರಲ್ಲಿ ಗ್ರಾಫಿಕ್ಸ್ ಒಳಗೇ ಐತೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಈ ಪಟ್ಟಿಯಿಂದಾನೇ ತಿನ್ಬೇಕು. ಎರಡಿದ್ರೆ ಎರಡು ದಾರೀಲಿ ಊಟ ಬರತೈತೆ. ಒಂದೇ ಇದ್ರೆ ಅರ್ಧ ಹೊಟ್ಟೆ. ಅದ್ರಾಗೂ ಇದು, ಚಿತ್ರಕ್ಕೇ ಹೆಸರಾದ ಪ್ರೊಸೆಸರ್ರು. ಇದ್ನ ಉಪವಾಸ ಕೆಡವಿದ್ರೆ ಹೆಂಗೆ?" ಅಂದರು.

ಖಾಲಿ ಜಾಗ ಕೆಲಸ ಮಾಡುತ್ತದೋ ಎಂದು ಪರೀಕ್ಷಿಸಲು ತಮ್ಮ ಡಬ್ಬಿಯಿಂದ ಒಂದು ಪಟ್ಟಿ ತೆಗೆದು ಕೂರಿಸಿದರು. ಯಂತ್ರ ಎದ್ದಿತು. ಓಬಳೇಶನ ಫೈಲುಗಳು ಹಾಗೇ ಇದ್ದವು. ಅವರು ಯಾವುದೋ ಒಂದನ್ನು ಒತ್ತಿದರು. ಸೀರೆ ತಿರುಗಿತು. ಅಂಗಡಿಯಲ್ಲಿ ಅವತ್ತು ನೋಡಿದ ಹಾಗೆಯೇ. ಬಾಷಾ ಅಂಚನ್ನು ಹಸಿರು ಮಾಡಿದರು, ಹಳದಿ ಮಾಡಿದರು, ನೀಲಿ ಮಾಡಿದರು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. "ವಾಹ್, ಯಾರು ಬರೆದಿದ್ದು ಇದು? ಏನು ಕೈ ಭಾಯ್," ಅಂದರು.

ಆಮೇಲೆ ತಮ್ಮ ಪಟ್ಟಿಯನ್ನು ಕಿತ್ತು ಡಬ್ಬಿಗೆ ಹಾಕಿಕೊಂಡು, ಒಂದು ಪಟ್ಟಿ ಇಲ್ಲದ್ದಕ್ಕೆ ದರ ಕಡಿಮೆ ಮಾಡಿ ಹೇಳಿದರು. ನಾನು ಜಗ್ಗಾಡಲಿಲ್ಲ. ಜೀವನದಲ್ಲಿ ಮೊದಲ ಸಲ, ಹೇಳಿದ ದರಕ್ಕೆ ಹೂಂ ಅಂದೆ. ಬಾಷಾ ಅನುಮಾನದಿಂದ ನೋಡಿದರು, ಕಳ್ಳ ಮಾಲೋ ಏನೋ ಎಂಬಂತೆ.

ಮಾರನೆಯ ದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳಕು ದಾಟುವ ತನಕ ಹೇಗೆ ಹೇಳಬೇಕೆಂದು ಜೋಡಿಸಿಕೊಂಡೆ. ನಿನ್ನ ಕೈಯದು ತಪ್ಪಿಲ್ಲ, ನನ್ನದು. ಚೀಲದ ಆಸೆಗೆ ನಾನೇ ಅದನ್ನು ಉಪವಾಸ ಕೆಡವಿದೆ. ಇನ್ನೊಂದು ಪಟ್ಟಿ ಕೊಂಡು ತರುತ್ತೇನೆ, ಮತ್ತೆ ಶುರು ಮಾಡು. ಯಾವುದಕ್ಕೆ ಹಾಕುವುದು, ಯಂತ್ರವನ್ನು ನಿನ್ನೆಯೇ ಮಾರಿಬಿಟ್ಟೆನಲ್ಲ. ಸರಿ, ಹೊಸದನ್ನೇ ಕೊಡಿಸುತ್ತೇನೆ. ಮೊಳಕಾಲ್ಮೂರಿಗೆ ಮುಂಚಿನ ಹಾನಗಲ್ ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು.

ಕಲ್ಯಾಣಮಂಟಪದಲ್ಲಿ ಮದುವೆಯಿತ್ತು. ಓಬಳೇಶ ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಪಕ್ಕದಲ್ಲಿದ್ದ ಚಪ್ಪಲಿ ಸರಿಸಿ ಮೆಟ್ಟಿಲ ಮೇಲೆ ಜಾಗ ಮಾಡಿದ. ದುಡ್ಡು ಕೊಟ್ಟೆ. ಚೀಲವನ್ನೂ ಮುಂದೆ ಹಿಡಿದೆ.

"ಅದ್ನ ನೀನೇ ಇಟ್ಕಳಲೇ. ನೀನು ಗೆದ್ದಿದ್ದು ಅದು. ನಂಗ್ಯಾಕೆ," ಅಂದ.

ಹಣ ಜೇಬಿಗೆ ಹಾಕಿಕೊಳ್ಳುತ್ತ ಅವನೇ ಕೇಳಿದ, "ಯಾಕೋ ಕಮ್ಮಿ ಬಂತಲ್ಲ. ನೀನು ಹೋಗಿಯೂ ಇಷ್ಟೇನಾ? ಏನು ಕುಂದು ಹೇಳ್ದ ಅವ್ನು?"

ಅದೇ ಹೇಳಬೇಕಾದ ಗಳಿಗೆ. ಬಾಯಿ ತೆರೆದೆ. ಒಂದು ಹೆಂಗಸರ ಗುಂಪು ಮೆಟ್ಟಿಲು ಹತ್ತಿ ನಮ್ಮ ಮುಂದೆ ಹಾದು ಹೋಯಿತು. ಓಬಳೇಶನ ಕಣ್ಣು ಅಂಚುಗಳ ಹಿಂದೆ ಒಳಗಿನ ತನಕ ಹೋಗಿ ಮರಳಿ ಬಂತು.

"ಮೇಲುಗಡೆ ಮುಚ್ಚಳದ ಮೇಲೆ ಒಂದು ಗೀರು ಐತಂತೆ," ಅಂದೆ.

ಅವನು ಚಪ್ಪಲಿ ಇಸಿದುಕೊಂಡು ಯಾರಿಗೋ ಟೋಕನ್ ಕೊಟ್ಟ.

"ಹೌದೇನೋ. ಒಂದಿನ ಅದ್ರ ಮೇಲೆ ಸ್ಕೇಲ್ ಇಟ್ಟಿದ್ದೆ. ಅದೂ ನಂದೇ ಇರ್ಬೇಕು ಬಿಡು," ಅಂದ.

"ಇರ್ಬೇಕು," ಅಂದೆ.